ಪಕ್ಕದ ಮನೆಯ ರಯಾನ್ ನಮ್ಮವನೇನಾ? ಐರ್ಲೆಂಡಿನಲ್ಲಿ ಒಂದೇ ಸರ್‌ನೇಮ್ ಇರುವ ನೆರೆಮನೆಗಳ ನಂಟು ಹುಡುಕುವ ಬಗೆ

ಐರ್ಲೆಂಡಿನ ಟಿಪ್ಪರೇರಿ ಕೌಂಟಿಯ ಯಾವುದಾದರೂ ಹಳ್ಳಿಯ ಹಳೆಯ ಮನೆಪಟ್ಟಿ ತೆಗೆದು ನೋಡಿ. ಪಟ್ಟಿಯ ಅರ್ಧ ಜನ ರಯಾನ್ ಆಗಿದ್ದರೂ ಆಶ್ಚರ್ಯವಿಲ್ಲ. ಅವರಲ್ಲಿ ಇಬ್ಬರು ಮೂವರು ಪ್ಯಾಟ್ರಿಕ್, ಇನ್ನಿಬ್ಬರು ಜಾನ್. ನೀವು ಹುಡುಕುತ್ತಿರುವ ಪ್ಯಾಟ್ರಿಕ್ ರಯಾನ್ ಯಾರು, ಪಕ್ಕದ ಮನೆಯ ಥಾಮಸ್ ರಯಾನ್ ಅವನಿಗೆ ಅಣ್ಣನೋ, ಚಿಕ್ಕಪ್ಪನ ಮಗನೋ, ಏನೂ ಅಲ್ಲವೋ? ಡಬ್ಲಿನ್‌ನಲ್ಲೋ ಕಾರ್ಕ್‌ನಲ್ಲೋ ನೆಲೆಸಿ ಅಲ್ಲಿಯವರನ್ನೇ ಮದುವೆಯಾದ ಕನ್ನಡಿಗರು, ಅಮೆರಿಕದಲ್ಲಿ ಐರಿಶ್ ಮೂಲದ ಅತ್ತೆಮಾವ ಇರುವವರು, ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳವರು, ಹೀಗೆ ಈ ಪ್ರಶ್ನೆ ನಮ್ಮವರಿಗೂ ಬರುತ್ತದೆ.

ಹೆಚ್ಚಿನವರು ಮಾಡುವುದು ಒಂದೇ. ಹೆಸರು ಒಂದು, ಊರು ಒಂದು, ಅಂದಮೇಲೆ ಅಣ್ಣತಮ್ಮಂದಿರೇ ಇರಬೇಕು ಎಂದು ವಂಶವೃಕ್ಷದಲ್ಲಿ ಗೆರೆ ಎಳೆದುಬಿಡುತ್ತಾರೆ. ಅದನ್ನು ಇನ್ನೊಬ್ಬರು ನಕಲು ಮಾಡುತ್ತಾರೆ, ಅವರದನ್ನು ಮತ್ತೊಬ್ಬರು. ಹತ್ತು ವೃಕ್ಷಗಳಲ್ಲಿ ಇದೆ ಅಂದಾಗ ಸತ್ಯ ಅನ್ನಿಸತೊಡಗುತ್ತದೆ, ಮೂಲದಲ್ಲಿ ಮಾತ್ರ ಒಬ್ಬರ ಊಹೆ ಬಿಟ್ಟರೆ ಏನೂ ಇರುವುದಿಲ್ಲ. ನನ್ನ ಪ್ರಕಾರ ಈ ಕೆಲಸದಲ್ಲಿ ಸರ್‌ನೇಮ್ ಅತಿ ದುರ್ಬಲ ಸಾಕ್ಷಿ. ಜಮೀನು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ಗಾಡ್‌ಮದರ್ ಆಗಿ ಯಾರು ನಿಂತರು, ಸಾವಿನ ಸುದ್ದಿ ಕಚೇರಿಗೆ ಯಾರು ತಲುಪಿಸಿದರು, ನಂಟು ಸಿಗುವುದು ಇಂಥ ಕಡೆ.

ಮೊದಲು ಹೆಸರಿನ ತೂಕ ನೋಡಿ

ಎಲ್ಲ ಸರ್‌ನೇಮ್‌ಗಳ ತೂಕ ಒಂದೇ ಅಲ್ಲ. ವಾಲ್ಶ್ ಎಂಬ ಹೆಸರು ವೇಲ್ಸ್ ಕಡೆಯಿಂದ ಬಂದವರಿಗೆ ಅಂಟಿದ್ದು. 1169ರ ನಂತರ ಐರ್ಲೆಂಡಿಗೆ ದಂಡೆತ್ತಿ ಬಂದ ನಾರ್ಮನ್ನರ ಜೊತೆ ಬೇರೆ ಬೇರೆ ಗುಂಪುಗಳಾಗಿ ಬಂದವರೆಲ್ಲ ವಾಲ್ಶ್ ಆದರು, ಹಾಗಾಗಿ ಅವರಿಗೆಲ್ಲ ಒಬ್ಬ ಮೂಲಪುರುಷ ಅಂತ ಇಲ್ಲವೇ ಇಲ್ಲ. ಮ್ಯಾಕ್‌ಮಹನ್ ಎಂಬ ಹೆಸರಿನ ಎರಡು ಬೇರೆ ಬೇರೆ ಮನೆತನಗಳಿವೆ, ಒಂದು ಕ್ಲೇರ್ ಕೌಂಟಿಯದು, ಇನ್ನೊಂದು ಮೊನಹನ್‌ನದು. ಅವೆರಡಕ್ಕೂ ಸಂಬಂಧವಿಲ್ಲ. ಕ್ಯಾವನ್‌ನ ಸ್ಮಿತ್‌ಗಳಲ್ಲಿ ಬಹಳಷ್ಟು ಮಂದಿ ಇಂಗ್ಲೆಂಡಿನಿಂದ ಬಂದವರಲ್ಲ, ಮ್ಯಾಕ್ ಗವನ್ ಎಂಬ ಐರಿಶ್ ಹೆಸರು ಇಂಗ್ಲಿಷ್ ವೇಷ ಹಾಕಿಕೊಂಡದ್ದು ಅಷ್ಟೇ. ಪಕ್ಕದಲ್ಲೇ ನಿಜವಾದ ಇಂಗ್ಲಿಷ್ ಸ್ಮಿತ್ ಒಬ್ಬನೂ ಇರಬಹುದು, ಯಾರಿಗೆ ಗೊತ್ತು?

ಆ ಕೌಂಟಿಯಲ್ಲಿ ಈ ಹೆಸರು ಎಷ್ಟು ಮಾಮೂಲಿ ಎಂದು ನೋಡಲು ಸುಲಭ ದಾರಿ ಇದೆ. 1901ರ ಜನಗಣತಿಯ ಉಚಿತ ಹುಡುಕಾಟದಲ್ಲಿ ಹೆಸರು ಹಾಕಿ, ಕೌಂಟಿ ಹಾಕಿ, ಎಷ್ಟು ಜನ ಬರುತ್ತಾರೆ ನೋಡಿ. ಟಿಪ್ಪರೇರಿಯಲ್ಲಿ ರಯಾನ್ ಎಂದು ಹಾಕಿದರೆ ಪುಟಗಟ್ಟಲೆ ಬರುತ್ತದೆ, ಅಲ್ಲಿ ನೆರೆಮನೆಯವರು ಒಂದೇ ಹೆಸರಿನವರು ಎನ್ನುವುದಕ್ಕೆ ಬೆಲೆ ಕಡಿಮೆ. ಅದೇ ರಯಾನ್ ಡೊನೆಗಾಲ್‌ನ ಮೂಲೆಯ ಹಳ್ಳಿಯಲ್ಲಿ ಎರಡೇ ಮನೆ ಇದ್ದರೆ ಅನುಮಾನಿಸಲು ಕಾರಣ ಇದೆ.

ಕಾಗುಣಿತವನ್ನು ನಂಬಬೇಡಿ. ಹೆಸರಿನ ಹಿಂದಿನ 'ಓ' ಮತ್ತು 'ಮ್ಯಾಕ್' ಬಹಳ ಕಾಲ ಬಿದ್ದುಹೋಗಿದ್ದು, ಹತ್ತೊಂಬತ್ತನೇ ಶತಮಾನದ ಕೊನೆಗೆ ಐರಿಶ್ ಭಾಷೆಯ ಅಭಿಮಾನ ಎದ್ದಾಗ ಮತ್ತೆ ಸೇರಿಕೊಂಡವು. ಅಪ್ಪ ರೈಲಿ, ಮಗ ಓ'ರೈಲಿ ಆಗಿರುವುದು ತೀರಾ ಸಾಮಾನ್ಯ. 'ಅವರು ಓ ಇರುವವರು, ನಾವು ಇಲ್ಲದವರು, ಬೇರೆ ಬೇರೆ' ಎನ್ನುವ ಮನೆಮಾತಿಗೆ ಸಾಕ್ಷಿಯಾಗಿ ಅರ್ಥವಿಲ್ಲ.

ಟೌನ್‌ಲ್ಯಾಂಡ್ ಸಿಗದೆ ಮುಂದೆ ಹೋಗಬೇಡಿ

ಐರ್ಲೆಂಡಿನಲ್ಲಿ ಜಾಗದ ಅತಿ ಸಣ್ಣ ಘಟಕ ಟೌನ್‌ಲ್ಯಾಂಡ್. ಹೆಸರಲ್ಲಿ ಟೌನ್ ಇದ್ದರೂ ಅದು ಪಟ್ಟಣವಲ್ಲ, ಗಡಿ ಗುರುತಿರುವ ಒಂದು ತುಂಡು ನೆಲ. ಇಡೀ ದ್ವೀಪದಲ್ಲಿ ಇಂಥವು 60 ಸಾವಿರಕ್ಕೂ ಜಾಸ್ತಿ. ಕೆಲವು ಹತ್ತಾರು ಎಕರೆ, ಕೆಲವು ಸಾವಿರ ಎಕರೆ ಮೀರಿದವು. ಒಂದೇ ಹೆಸರಿನ ಟೌನ್‌ಲ್ಯಾಂಡ್ ಹತ್ತಾರು ಕಡೆ ಇರುತ್ತದೆ, ಹಾಗಾಗಿ ಹೆಸರಿನ ಜೊತೆ ಸಿವಿಲ್ ಪ್ಯಾರಿಷ್ (ಹಲವು ಟೌನ್‌ಲ್ಯಾಂಡ್ ಸೇರಿದ ಸರ್ಕಾರಿ ವಿಭಾಗ) ಮತ್ತು ಕೌಂಟಿಯನ್ನೂ ಬರೆದಿಟ್ಟುಕೊಳ್ಳಿ. ಟೌನ್‌ಲ್ಯಾಂಡ್ಸ್ ಡಾಟ್ ಐಇ ಎಂಬ ತಾಣದಲ್ಲಿ ಗಡಿ ಸಮೇತ ನಕ್ಷೆ ಸಿಗುತ್ತದೆ.

ಇಲ್ಲಿ ಒಂದು ಗೊಂದಲ ಎಲ್ಲರನ್ನೂ ಕಾಡುತ್ತದೆ. ಸರ್ಕಾರಿ ಲೆಕ್ಕದ ಸಿವಿಲ್ ಪ್ಯಾರಿಷ್ ಬೇರೆ, ಕ್ಯಾಥೊಲಿಕ್ ಚರ್ಚಿನ ಪ್ಯಾರಿಷ್ ಬೇರೆ. ಗಡಿ ಬೇರೆ, ಎಷ್ಟೋ ಕಡೆ ಹೆಸರೂ ಬೇರೆ. ಎರಡು ರಯಾನ್ ಮನೆಗಳ ನಡುವೆ ಒಂದು ಸಣ್ಣ ಹಳ್ಳ ಮಾತ್ರ ಇದ್ದು, ಒಂದು ಮನೆಯವರು ಒಂದು ಚರ್ಚಿಗೆ, ಇನ್ನೊಂದು ಮನೆಯವರು ಮತ್ತೊಂದಕ್ಕೆ ಹೋಗುತ್ತಿದ್ದಿರಬಹುದು. ನಕ್ಷೆ ನೋಡದೆ ಒಂದೇ ರಿಜಿಸ್ಟರ್ ತಿರುವಿ, ಇಲ್ಲ ಎಂದು ಬಿಟ್ಟುಬಿಟ್ಟರೆ ಅರ್ಧ ಸಾಕ್ಷಿ ಅಲ್ಲೇ ಹೋಯಿತು.

ಎರಡು ಮನೆ, ಎರಡು ಕಡತ

ನಿಮ್ಮ ಪ್ಯಾಟ್ರಿಕ್‌ಗೆ ಒಂದು ಕಡತ, ಪಕ್ಕದ ಥಾಮಸ್‌ಗೆ ಒಂದು. ಸಂಬಂಧ ಇದೆ ಎಂದು ಮೊದಲೇ ಅಂದುಕೊಳ್ಳದೆ ಎರಡನ್ನೂ ಪೂರ್ತಿ ಕಟ್ಟಿ: ಹೆಂಡತಿ ಯಾರು, ಅವಳ ತವರಿನ ಹೆಸರು ಏನು, ಮಕ್ಕಳೆಷ್ಟು, ಯಾವ ಕ್ರಮದಲ್ಲಿ ಹುಟ್ಟಿದರು, ಯಾರು ಎಲ್ಲಿಗೆ ಹೋದರು. ಬೇಸರದ ಕೆಲಸ ಹೌದು. ನಮ್ಮ ಅಜ್ಜನ ಬಗ್ಗೆ ಆಸಕ್ತಿ ಇರುತ್ತದೆ, ಪಕ್ಕದ ಮನೆಯವನ ಏಳನೇ ಮಗಳ ಬಗ್ಗೆ ಯಾರಿಗೆ ಇರುತ್ತದೆ ಹೇಳಿ? ಆದರೆ ಬೇಕಾದ ಸಾಲು ಎಷ್ಟೋ ಸಲ ಸಿಗುವುದು ಆ ಏಳನೇ ಮಗಳ ಮದುವೆಯ ದಾಖಲೆಯಲ್ಲೇ.

ಸರ್ಕಾರಿ ನೋಂದಣಿಯಿಂದ ಶುರು ಮಾಡಿ. ಕ್ಯಾಥೊಲಿಕರಲ್ಲದವರ ಮದುವೆಗಳು 1845ರ ಏಪ್ರಿಲ್‌ನಿಂದ, ಎಲ್ಲರ ಹುಟ್ಟು, ಮದುವೆ, ಸಾವು 1864ರ ಜನವರಿಯಿಂದ ದಾಖಲಾಗಿವೆ. ಐರಿಶ್‌ಜೀನಿಯಾಲಜಿ ಡಾಟ್ ಐಇ ತಾಣದಲ್ಲಿ ನೂರು ವರ್ಷ ದಾಟಿದ ಹುಟ್ಟು, 75 ದಾಟಿದ ಮದುವೆ, 50 ದಾಟಿದ ಸಾವಿನ ಮೂಲ ಪುಟಗಳ ಚಿತ್ರ ಉಚಿತ. ಹುಟ್ಟಿನ ದಾಖಲೆಯಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ, ಮದುವೆಯದರಲ್ಲಿ ಇಬ್ಬರ ಅಪ್ಪಂದಿರ ಹೆಸರು ಮತ್ತು ಸಾಕ್ಷಿಗಳ ಹೆಸರು. ಸಾವಿನ ದಾಖಲೆಯಲ್ಲಿ ಮಾತ್ರ ಅಪ್ಪ ಅಮ್ಮನ ಹೆಸರು ಇರುವುದಿಲ್ಲ, ಅದೊಂದು ದೊಡ್ಡ ಕೊರತೆ. ಆದರೆ ಸುದ್ದಿ ಕೊಟ್ಟವರ ಹೆಸರು ಇರುತ್ತದೆ. ಪ್ಯಾಟ್ರಿಕ್ ಸತ್ತಾಗ ಥಾಮಸ್ ಮನೆಯ ಮಗ ಹೋಗಿ ಬರೆಸಿದ್ದರೆ, ಪಕ್ಕದಲ್ಲಿ 'ನೆಫ್ಯೂ' (ಅಣ್ಣತಮ್ಮನ ಅಥವಾ ಅಕ್ಕತಂಗಿಯ ಮಗ) ಎಂದು ಬರೆದಿದ್ದರಂತೂ, ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು.

ದಿನಾಂಕಗಳ ಬಗ್ಗೆ ಸ್ವಲ್ಪ ಉದಾರವಾಗಿರಿ. ತಡವಾಗಿ ಬರೆಸಿದವರು ದಂಡ ತಪ್ಪಿಸಿಕೊಳ್ಳಲು ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕುತ್ತಿದ್ದರು. ಹಾಗಾಗಿ ಮಗು ಹುಟ್ಟುವುದಕ್ಕೆ ಮೊದಲೇ ಚರ್ಚಿನಲ್ಲಿ ಜ್ಞಾನಸ್ನಾನ ಆಗಿರುವ ಪವಾಡಗಳು ಸಿಗುತ್ತವೆ. ಗಾಬರಿಯಾಗಿ ಇವು ಎರಡು ಬೇರೆ ಮಕ್ಕಳು ಎಂದುಕೊಳ್ಳಬೇಡಿ.

ಜಮೀನಿನ ಲೆಕ್ಕ: ಗ್ರಿಫಿತ್ ಪಟ್ಟಿ

1847ರಿಂದ 1864ರ ನಡುವೆ ರಿಚರ್ಡ್ ಗ್ರಿಫಿತ್ ಎಂಬಾತನ ಉಸ್ತುವಾರಿಯಲ್ಲಿ ಇಡೀ ಐರ್ಲೆಂಡಿನ ಮನೆ, ಜಮೀನುಗಳ ಮೌಲ್ಯಮಾಪನ ನಡೆಯಿತು. ಗ್ರಿಫಿತ್ ವ್ಯಾಲ್ಯುಯೇಷನ್ ಎಂದೇ ಕರೆಯುತ್ತಾರೆ. ಆಸ್ಕ್ ಅಬೌಟ್ ಐರ್ಲೆಂಡ್ ತಾಣದಲ್ಲಿ ನಕ್ಷೆ ಸಮೇತ ಉಚಿತ. ನಮ್ಮ ಪಹಣಿ ನೋಡಿ ಅಭ್ಯಾಸ ಇರುವವರಿಗೆ ಇದು ಬೇಗ ಕೈಗೆ ಹತ್ತುತ್ತದೆ: ಉಳುವವನ ಹೆಸರು, ಅವನು ಯಾರಿಗೆ ಗೇಣಿ ಕೊಡುತ್ತಾನೆ, ಏನೇನಿದೆ, ವಿಸ್ತೀರ್ಣ ಎಷ್ಟು, ಬೆಲೆ ಎಷ್ಟು. ಮೊದಲ ಕಾಲಂನಲ್ಲಿ ನಕ್ಷೆಯ ನಂಬರ್, ಪಕ್ಕದಲ್ಲಿ ಅಕ್ಷರಗಳು.

ಎಲ್ಲರೂ ಹೆಸರು ನೋಡಿ ಪುಟ ಮುಚ್ಚುತ್ತಾರೆ. ನೀವು ಆ ನಂಬರ್ ಕಾಲಂ ನೋಡಿ. ಇಂಗ್ಲಿಷಿನ ದೊಡ್ಡ ಅಕ್ಷರ ಜಮೀನಿನ ತುಂಡಿಗೆ, ಸಣ್ಣ ಅಕ್ಷರ ಮನೆಗೆ. ಪ್ಯಾಟ್ರಿಕ್ ಮತ್ತು ಥಾಮಸ್ ಇಬ್ಬರಿಗೂ ನಂಬರ್ 5 ಇದ್ದು, ಸಣ್ಣ ಅಕ್ಷರ ಮಾತ್ರ ಬೇರೆ ಇದ್ದು, ವಿಸ್ತೀರ್ಣ ಇಬ್ಬರಿಗೂ ಸೇರಿಸಿ ಒಂದೇ ಕಂಸದೊಳಗೆ ಬರೆದಿದ್ದರೆ, ಒಂದೇ ಹಿಡುವಳಿಯನ್ನು ಎರಡು ಮನೆಯವರು ಕೂಡಿ ಮಾಡುತ್ತಿದ್ದರು ಎಂದರ್ಥ. 1840ರ ದಶಕದ ಮಹಾಕ್ಷಾಮಕ್ಕೆ ಮುಂಚೆ ಅಪ್ಪನ ಜಮೀನನ್ನು ಗಂಡುಮಕ್ಕಳಿಗೆ ಹಂಚುತ್ತಾ ತುಂಡು ತುಂಡಾಗಿಸಿದ್ದು ಬಹಳ. ಹಾಗಾಗಿ ಇಂಥ ಜೋಡಿಗಳು ಅಣ್ಣತಮ್ಮಂದಿರೋ ದಾಯಾದಿಗಳೋ ಆಗಿರುವ ಸಾಧ್ಯತೆ ಒಳ್ಳೆಯದೇ. ಅದೇ ಒಬ್ಬನದು ನಂಬರ್ 2, ಇನ್ನೊಬ್ಬನದು 14, ಜಮೀನ್ದಾರನೂ ಬೇರೆ ಎಂದಿದ್ದರೆ ಜಮೀನಿನ ಕಡೆಯಿಂದ ನಿಮಗೆ ಏನೂ ಸಿಗಲಿಲ್ಲ ಅಂದುಕೊಳ್ಳಿ. ಪಶ್ಚಿಮದ ಕೌಂಟಿಗಳಲ್ಲಿ ರಂಡೇಲ್ ಎಂಬ ಪದ್ಧತಿ ಇತ್ತು, ಇಡೀ ಗುಂಪು ಸೇರಿ ಜಮೀನು ಹಿಡಿದು ಚೂರುಗಳನ್ನು ಹಂಚಿಕೊಳ್ಳುತ್ತಿದ್ದರು. ಅಲ್ಲಿ ಜಂಟಿ ಹಿಡುವಳಿ ಅಂದಮಾತ್ರಕ್ಕೆ ರಕ್ತಸಂಬಂಧ ಎಂದು ಹಾರಬೇಡಿ.

ಹೆಸರಿನ ಪಕ್ಕ ಕಂಸದಲ್ಲಿ ಏನಾದರೂ ಇದೆಯೇ ನೋಡಿ. ಒಂದೇ ಹೆಸರಿನವರು ಇಬ್ಬರಿದ್ದಾಗ ಗುರುತಿಗೆಂದು ಅಪ್ಪನ ಹೆಸರೋ, ಕಸುಬೋ, ಕೂದಲಿನ ಬಣ್ಣವೋ ಬರೆಯುತ್ತಿದ್ದರು. 'ಜಾನ್ ರಯಾನ್ (ಪ್ಯಾಟ್)' ಎಂದಿದ್ದರೆ ಬಹುಪಾಲು ಪ್ಯಾಟ್‌ನ ಮಗ ಜಾನ್. ಟಿಪ್ಪರೇರಿಯ ರಯಾನ್‌ಗಳಲ್ಲಿ ಈ ಅಡ್ಡಹೆಸರುಗಳು ತಲೆಮಾರುಗಳ ತನಕ ಉಳಿದು ಕವಲುಗಳ ಗುರುತೇ ಆಗಿಬಿಟ್ಟಿವೆ. ಆದರೆ 'ಸೀನಿಯರ್', 'ಜೂನಿಯರ್' ಎಂದಿದ್ದರೆ ಅಪ್ಪಮಗ ಅಂದುಕೊಳ್ಳಬೇಡಿ. ಅದು ವಯಸ್ಸಿನ ಗುರುತು ಮಾತ್ರ, ಸಂಬಂಧವೇ ಇಲ್ಲದ ಇಬ್ಬರಿಗೂ ಹಾಕುತ್ತಿದ್ದರು. ಇನ್ನೊಂದು ಮಾತು, ಆ ತಾಣದಲ್ಲಿರುವ ನಕ್ಷೆ ಎಷ್ಟೋ ಕಡೆ ಪಟ್ಟಿಗಿಂತ ನಂತರದ್ದು. ನಂಬರ್ ತಾಳೆಯಾಗದಿದ್ದರೆ ತಪ್ಪು ನಿಮ್ಮದಲ್ಲ.

ಪಟ್ಟಿಗಿಂತ ಮುಖ್ಯ, ಆಮೇಲಿನ ತಿದ್ದುಪಡಿ

ಗ್ರಿಫಿತ್ ಪಟ್ಟಿ ಒಂದು ದಿನದ ಚಿತ್ರ. ನಂತರ ಅಧಿಕಾರಿಗಳು ಬಂದು ಉಳುವವನು ಬದಲಾದಾಗಲೆಲ್ಲ ಹಳೆಯ ಹೆಸರು ಹೊಡೆದು ಹೊಸದು ಬರೆದರು, ಬೇರೆ ವರ್ಷಕ್ಕೆ ಬೇರೆ ಬಣ್ಣದ ಶಾಯಿ, ಪಕ್ಕದಲ್ಲಿ ಇಸವಿ. ಈ ಪುಸ್ತಕಗಳಿಗೆ ಕ್ಯಾನ್ಸಲ್ಡ್ ಬುಕ್ಸ್ ಎಂದೇ ಹೆಸರು. ಉತ್ತರ ಐರ್ಲೆಂಡಿನವು ಅಲ್ಲಿನ ದಾಖಲೆ ಕಚೇರಿ ಪ್ರೋನಿಯ ತಾಣದಲ್ಲಿ ಉಚಿತ, ಸುಮಾರು 1930ರ ದಶಕದವರೆಗೆ. ಗಣರಾಜ್ಯದವು ಡಬ್ಲಿನ್‌ನಲ್ಲಿ ಹಳೆಯ ವ್ಯಾಲ್ಯುಯೇಷನ್ ಆಫೀಸಿನ ಸಂಗ್ರಹದಲ್ಲಿವೆ, ಆ ಕಚೇರಿ 2023ರಲ್ಲಿ ಬೇರೆ ಇಲಾಖೆಗಳ ಜೊತೆ ಒಂದೇ ಸಂಸ್ಥೆಯಾಯಿತು. ಶುಲ್ಕ ಇದ್ದರೂ ಕೊಡಿ. ಈ ಕೆಲಸದಲ್ಲಿ ಒಂದೇ ಒಂದಕ್ಕೆ ದುಡ್ಡು ಖರ್ಚು ಮಾಡಿ ಎಂದರೆ ನಾನು ಹೇಳುವುದು ಇದನ್ನೇ.

ಏಕೆಂದರೆ ಪ್ಯಾಟ್ರಿಕ್ ಮಕ್ಕಳಿಲ್ಲದೆ ಸತ್ತ ಅನ್ನಿ, ಅವನ ಜಮೀನು ಯಾರ ಹೆಸರಿಗೆ ಹೋಯಿತು? ಥಾಮಸ್‌ನ ಎರಡನೇ ಮಗನಿಗೆ ಹೋಗಿದ್ದರೆ ಅದು ಸುಮ್ನೆ ನೆರೆಯವನಿಗೆ ಹೋದದ್ದಲ್ಲ. ಗಂಡ ಸತ್ತ ಮೇಲೆ ಹೆಂಡತಿಯ ಹೆಸರು ಬರುತ್ತದೆ, ಆಮೇಲೆ ಮಗ. ಬದಲಾದ ಇಸವಿ ಹಿಡಿದು ಅದರ ಹಿಂದಿನ ಒಂದೆರಡು ವರ್ಷಗಳಲ್ಲಿ ಸಾವಿನ ದಾಖಲೆ ಹುಡುಕಿ, ಮೂವರು ಪ್ಯಾಟ್ರಿಕ್‌ಗಳಲ್ಲಿ ನಿಮ್ಮವನು ಯಾರು ಎಂಬುದು ಅಲ್ಲೇ ಬಿಡಿಸಿಕೊಳ್ಳುತ್ತದೆ. ಇದರ ಜೊತೆಗೇ 1858ರ ನಂತರದ ಉಯಿಲುಗಳ ಕ್ಯಾಲೆಂಡರ್, ಅಂದರೆ ವರ್ಷವಾರು ಸೂಚಿ, ನೋಡಿ. ಆಸ್ತಿಯ ಜವಾಬ್ದಾರಿ ಯಾರಿಗೆ ಕೊಟ್ಟರು, ಅವರು ಸತ್ತವನಿಗೆ ಏನಾಗಬೇಕು ಎಂದು ಹಲವು ಕಡೆ ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಬಡ ಗೇಣಿದಾರರು ಉಯಿಲು ಬರೆಯುತ್ತಿರಲಿಲ್ಲ ಎಂದು ಬಿಟ್ಟುಬಿಡಬೇಡಿ, ಬರೆದವರು ಇದ್ದಾರೆ.

ಗ್ರಿಫಿತ್‌ಗಿಂತ ಹಿಂದಕ್ಕೆ ಹೋಗಬೇಕೆಂದರೆ ಟೈದ್ ಅಪ್ಲಾಟ್‌ಮೆಂಟ್ ಪುಸ್ತಕಗಳಿವೆ, 1823ರಿಂದ 1837ರ ಸುಮಾರಿನವು. ಚರ್ಚಿಗೆ ಕೊಡಬೇಕಾದ ತೆರಿಗೆಯ ಪಟ್ಟಿ ಅದು, ಹಾಗಾಗಿ ಸಾಗುವಳಿ ಜಮೀನು ಇದ್ದವರು ಮಾತ್ರ ಇರುತ್ತಾರೆ. ಆಗ ಆ ಟೌನ್‌ಲ್ಯಾಂಡ್‌ನಲ್ಲಿ ಒಬ್ಬನೇ ರಯಾನ್ ಇದ್ದು, ಕಾಲು ಶತಮಾನದ ನಂತರ ಗ್ರಿಫಿತ್‌ನಲ್ಲಿ ಅದೇ ಜಾಗದಲ್ಲಿ ಮೂವರು ಇದ್ದರೆ ಏನಾಗಿರಬಹುದು ಎಂದು ನೀವೇ ಊಹಿಸಬಹುದು. ಊಹೆ ಎಂದೇ ಬರೆದಿಡಿ.

ಚರ್ಚಿನ ರಿಜಿಸ್ಟರ್: ಅಂಚಿನಲ್ಲಿ ಇರುವವರನ್ನು ನೋಡಿ

ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರ್‌ಗಳು ಸುಮಾರು 1880ರವರೆಗಿನವು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ 2015ರಿಂದ ಉಚಿತವಾಗಿವೆ. ಶುರುವಾಗುವ ವರ್ಷ ಊರಿಂದ ಊರಿಗೆ ಬೇರೆ. ನಗರಗಳಲ್ಲಿ ಹದಿನೆಂಟನೇ ಶತಮಾನದವೂ ಇವೆ, ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ ಹತ್ತೊಂಬತ್ತನೇ ಶತಮಾನ ಬಹಳ ದೂರ ಬಂದ ಮೇಲೆಯೇ ಶುರು. ಕೈಬರಹ ಕೆಟ್ಟದಾಗಿರುತ್ತದೆ, ಎಷ್ಟೋ ಕಡೆ ಲ್ಯಾಟಿನ್. ಜೇಕೊಬಸ್ ಅಂದರೆ ಜೇಮ್ಸ್, ಗುಲಿಯೆಲ್ಮಸ್ ಅಂದರೆ ವಿಲಿಯಂ. ನೋರಾ, ಹನೋರಾ, ಹೊನೋರಿಯಾ ಮೂರೂ ಒಬ್ಬಳೇ ಇರಬಹುದು. ಡೀಲಿಯಾ ಎಂದರೆ ಬ್ರಿಜೆಟ್. ದಕ್ಷಿಣದಲ್ಲಿ ಡಾರ್ಬಿ ಎಂಬಾತ ಮುಂದಿನ ದಾಖಲೆಯಲ್ಲಿ ಜೆರೆಮಯ್ಯ ಆಗಿಬಿಟ್ಟಿರುತ್ತಾನೆ, ಇಬ್ಬರಲ್ಲ, ಒಬ್ಬನೇ.

ಪ್ರತಿ ಜ್ಞಾನಸ್ನಾನಕ್ಕೂ ಸಾಮಾನ್ಯವಾಗಿ ಇಬ್ಬರು ಗಾಡ್‌ಪೇರೆಂಟ್‌ಗಳ ಹೆಸರು ಇರುತ್ತದೆ. ಇಲ್ಲೇ ನಿಜವಾದ ಸರಕು ಇರುವುದು. ಎರಡೂ ಮನೆಯ ಎಲ್ಲ ಮಕ್ಕಳ ಗಾಡ್‌ಪೇರೆಂಟ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಮದುವೆಯ ಸಾಕ್ಷಿಗಳನ್ನೂ ಸೇರಿಸಿ. ಪ್ಯಾಟ್ರಿಕ್‌ನ ಮೊದಲ ಮಗುವಿಗೆ ಥಾಮಸ್, ಥಾಮಸ್‌ನ ಮಗುವಿಗೆ ಪ್ಯಾಟ್ರಿಕ್‌ನ ಹೆಂಡತಿ, ಹೀಗೆ ಅದಲುಬದಲಾಗಿ ನಿಂತಿದ್ದರೆ ಗಟ್ಟಿ ಸುಳಿವು. ಹಾಗಂತ ನೆರೆಯವರೂ ನಿಲ್ಲುತ್ತಿದ್ದರು, ಅವಸರದಲ್ಲಿ ಕೈಗೆ ಸಿಕ್ಕವರೂ ನಿಲ್ಲುತ್ತಿದ್ದರು. ಒಂದು ಸಲ ನಿಂತದ್ದಕ್ಕೆ ಬೆಲೆ ಕಮ್ಮಿ, ಪದೇ ಪದೇ ನಿಂತದ್ದಕ್ಕೆ ಜಾಸ್ತಿ. ಹೆಂಡತಿಯ ತವರಿನವರನ್ನು ಪ್ರತ್ಯೇಕ ಗುರುತು ಮಾಡಿ. ಎರಡು ಮನೆಗಳ ನಂಟು ಗಂಡಸರ ಕಡೆಯಿಂದ ಅಲ್ಲದೆ, ಅಕ್ಕತಂಗಿಯರು ಇಬ್ಬರು ರಯಾನ್‌ಗಳನ್ನು ಮದುವೆಯಾದ್ದರಿಂದ ಬಂದಿರಲೂಬಹುದು. ಆಗ ರಯಾನ್‌ಗಳು ಒಬ್ಬರಿಗೊಬ್ಬರು ಷಡ್ಡಕರು ಮಾತ್ರ, ರಕ್ತಸಂಬಂಧಿಗಳಲ್ಲ.

ಇನ್ನು ನನಗೆ ಅತ್ಯಂತ ಇಷ್ಟವಾದ ಸಾಕ್ಷಿ. ಹತ್ತಿರದ ಸಂಬಂಧಿಕರು ಮದುವೆಯಾಗಬೇಕಾದರೆ ಚರ್ಚಿನ ವಿಶೇಷ ಅನುಮತಿ ಬೇಕಿತ್ತು, ಪಾದ್ರಿ ಅದನ್ನು ಮದುವೆಯ ಸಾಲಿನ ಪಕ್ಕದಲ್ಲಿ ಬರೆಯುತ್ತಿದ್ದರು. ಲ್ಯಾಟಿನ್‌ನಲ್ಲಿ 'ಡಿಸ್ಪೆನ್ಸಾಟಿಯೊ', 'ಕಾನ್‌ಸಾಂಗ್ವಿನಿಟಾಟಿಸ್' ಎಂಬ ಪದಗಳು, ಜೊತೆಗೆ 2, 3 ಅಥವಾ 4 ಎಂಬ ಅಂಕಿ. ಎರಡನೇ ದರ್ಜೆ ಎಂದರೆ ಇಬ್ಬರ ಅಜ್ಜ ಒಬ್ಬನೇ, ಮೂರನೇ ದರ್ಜೆ ಎಂದರೆ ಮುತ್ತಜ್ಜ ಒಬ್ಬನೇ, ನಾಲ್ಕು ಎಂದರೆ ಅದಕ್ಕೂ ಒಂದು ತಲೆಮಾರು ಹಿಂದೆ. 2 ಮತ್ತು 3 ಎರಡೂ ಬರೆದಿದ್ದರೆ ಒಂದು ಕಡೆ ತಲೆಮಾರು ಹೆಚ್ಚುಕಡಿಮೆ. 'ಅಫಿನಿಟಾಸ್' ಎಂದಿದ್ದರೆ ಮದುವೆಯಿಂದ ಬಂದ ನಂಟು, ರಕ್ತದ್ದಲ್ಲ. ಸೋದರಮಾವನ ಮಗಳನ್ನೇ ಮನೆಗೆ ತರುವ ನಮಗೆ ನಗು ಬರಬಹುದು, ಆದರೆ ಮುತ್ತಜ್ಜನ ಅಪ್ಪನ ತನಕ ಲೆಕ್ಕ ಹಾಕಿ ಅನುಮತಿ ಕೇಳಿದ ಜನ ಅವರು. ನಾಲ್ಕನೇ ದರ್ಜೆಯ ಅಡ್ಡಿ 1918ರ ತನಕ ಇತ್ತು.

ಇದನ್ನು ತಿರುಗಿಸಿಯೂ ಓದಿ. ಪ್ಯಾಟ್ರಿಕ್ ಮನೆಯ ಹುಡುಗಿ ಥಾಮಸ್ ಮನೆಯ ಹುಡುಗನನ್ನು ಮದುವೆಯಾಗಿದ್ದಾಳೆ, ಅನುಮತಿಯ ಸಾಲು ಇಲ್ಲ ಅಂದುಕೊಳ್ಳಿ. ಅದೇ ಪಾದ್ರಿ ಅದೇ ಪುಟಗಳಲ್ಲಿ ಬೇರೆ ಜೋಡಿಗಳಿಗೆ ಅನುಮತಿ ಬರೆದಿದ್ದಾರಾ ನೋಡಿ. ಬರೆದಿದ್ದರೆ, ಈ ಎರಡು ಮನೆಗಳಿಗೆ ಹತ್ತಿರದ ನಂಟು ಇರಲಿಲ್ಲ ಎನ್ನಲು ಒಳ್ಳೆಯ ಕಾರಣ. ಎಲ್ಲೂ ಬರೆಯದ ಪಾದ್ರಿಯಾದರೆ ಈ ವಾದ ನಿಲ್ಲುವುದಿಲ್ಲ.

ಪ್ರಾಟೆಸ್ಟಂಟ್ ಮನೆತನವಾದರೆ ದಾರಿ ಕಷ್ಟ. 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಅಂತರ್ಯುದ್ಧದಲ್ಲಿ ಸ್ಫೋಟಗೊಂಡು ಸುಟ್ಟುಹೋದಾಗ ಚರ್ಚ್ ಆಫ್ ಐರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ರಿಜಿಸ್ಟರ್‌ಗಳು ಬೂದಿಯಾದವು. ಕ್ಯಾಥೊಲಿಕರವು ಪ್ಯಾರಿಷ್‌ಗಳಲ್ಲೇ ಇದ್ದುದರಿಂದ ಉಳಿದವು.

ಹೆಸರಿಡುವ ಕ್ರಮ

ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಮೂರನೆಯವನಿಗೆ ಅಪ್ಪನದೇ. ಮೊದಲ ಮಗಳಿಗೆ ಅಮ್ಮನ ಅಮ್ಮನದು, ಎರಡನೆಯವಳಿಗೆ ಅಪ್ಪನ ಅಮ್ಮನದು. ಬಹಳ ಮನೆಗಳು ಪಾಲಿಸಿದವು, ಎಲ್ಲರೂ ಅಲ್ಲ. ಎರಡೂ ಮನೆಯ ಹಿರಿಮಗ ಮೈಕಲ್ ಆಗಿದ್ದರೆ ಒಬ್ಬನೇ ಮೈಕಲ್ ಅಜ್ಜ ಇದ್ದಿರಬಹುದು. ಆದರೆ ಮೈಕಲ್, ಜಾನ್, ಮೇರಿ ಎಲ್ಲ ಮನೆಯಲ್ಲೂ ಇರುತ್ತಿದ್ದರು. ಮೈಲ್ಸ್, ಗ್ಯಾರೆಟ್‌ನಂಥ ಅಪರೂಪದ ಹೆಸರು ಎರಡೂ ಮನೆಯಲ್ಲಿ ಬಂದರೆ ಮಾತ್ರ ಕಿವಿ ನೆಟ್ಟಗೆ ಮಾಡಿ.

ಜನಗಣತಿ ಉಳಿದಿರುವುದು ಎರಡೇ

1922ಕ್ಕೆ ಮುಂಚಿನ ಜನಗಣತಿಗಳಲ್ಲಿ ಪೂರ್ತಿಯಾಗಿ ಉಳಿದವು 1901 ಮತ್ತು 1911ರವು ಮಾತ್ರ. 1821ರಿಂದ 1851ರವರೆಗಿನವು ಬಹುತೇಕ 1922ರ ಬೆಂಕಿಯಲ್ಲಿ ಹೋದವು. 1861, 1871ರವನ್ನು ಸರ್ಕಾರವೇ ಹಾಳುಮಾಡಿತು, 1881, 1891ರವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕಾಗಿ ಅರೆದುಬಿಟ್ಟರು. ಓದಿದರೆ ಹೊಟ್ಟೆ ಉರಿಯುತ್ತದೆ, ಇರಲಿ. 1926ರ ಏಪ್ರಿಲ್ 18ರಂದು ನಡೆದ ಜನಗಣತಿ, ನೂರು ವರ್ಷ ತುಂಬಿದ ಮೇಲಷ್ಟೇ ಎಲ್ಲರಿಗೂ ತೆರೆಯುವ ನಿಯಮಕ್ಕೆ ಸೇರಿದ್ದು, ಆ ನೂರು ತುಂಬುವುದು 2026ರ ಏಪ್ರಿಲ್‌ನಲ್ಲಿ.

ಜನಗಣತಿಯಲ್ಲಿ ಮನೆಯ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕು ಎಂಬ ಕಾಲಂ ಇದೆ. ಥಾಮಸ್ ಮನೆಯಲ್ಲಿ 'ನೆಫ್ಯೂ' ಎಂದು ಬರೆಸಿದ ಹುಡುಗ ಪ್ಯಾಟ್ರಿಕ್‌ನ ಮಗನೇ ಎಂದು ಹುಟ್ಟಿನ ದಾಖಲೆಯಿಂದ ತಿಳಿದರೆ ಮುಗಿಯಿತಲ್ಲ. ಅಲ್ಲಿ ಅಣ್ಣನ ಮಗನಿಗೂ ಅಕ್ಕನ ಮಗನಿಗೂ ಒಂದೇ ಪದ, ಹಾಗಾಗಿ ಯಾವ ಕಡೆಯವನು ಎಂದು ನೀವೇ ಬಿಡಿಸಬೇಕು. ಮನೆ ನಂಬರ್ ನೋಡಿ ಪಕ್ಕದ ಮನೆ ಎಂದುಕೊಳ್ಳಬೇಡಿ, ಗಣತಿದಾರ ನಡೆದ ಕ್ರಮ ಅದು, 1901ಕ್ಕೂ 1911ಕ್ಕೂ ಬದಲಾಗುತ್ತದೆ.

ವಯಸ್ಸಿನ ಬಗ್ಗೆ ಒಂದು ತಮಾಷೆ ಇದೆ. 1909ರ ಜನವರಿಯಲ್ಲಿ 70 ದಾಟಿದವರಿಗೆ ಪಿಂಚಣಿ ಶುರುವಾಯಿತು. 1901ರಲ್ಲಿ 55 ಇದ್ದವರು 1911ರಲ್ಲಿ 71 ಆಗಿಬಿಟ್ಟರು! ನಗುವ ಹಾಗಿದ್ದರೂ ನಮಗೆ ಅದರಿಂದ ಲಾಭವೇ ಆಗಿದೆ. ವಯಸ್ಸು ತೋರಿಸಲು ಹುಟ್ಟಿನ ದಾಖಲೆ ಇಲ್ಲದವರಿಗಾಗಿ 1841, 1851ರ ಜನಗಣತಿಯಲ್ಲಿ ಹುಡುಕಿಸುತ್ತಿದ್ದರು. ಆ ಅರ್ಜಿಗಳು ಉಳಿದಿವೆ, ರಾಷ್ಟ್ರೀಯ ದಾಖಲೆ ಸಂಗ್ರಹದ ತಾಣದಲ್ಲಿ ಉಚಿತ. ಅಪ್ಪ, ಅಮ್ಮ, ಅಮ್ಮನ ತವರಿನ ಹೆಸರು, ಆಗಿದ್ದ ಟೌನ್‌ಲ್ಯಾಂಡ್ ಎಲ್ಲ ಇರುತ್ತದೆ, ಕೆಲವದರಲ್ಲಿ ಗುಮಾಸ್ತ ಇಡೀ ಮನೆಯವರ ಹೆಸರನ್ನೇ ನಕಲು ಮಾಡಿದ್ದಾನೆ. ಮೂಲ ಸುಟ್ಟುಹೋದ ಮೇಲೆ ಅಷ್ಟೇ ಉಳಿದದ್ದು. ನಿಮ್ಮ ಮನೆಯವರದು ಸಿಗದಿದ್ದರೆ ಪಕ್ಕದ ಮನೆಯವರದನ್ನು ಹುಡುಕಿ, ಇಬ್ಬರಿಗೂ ಒಬ್ಬನೇ ಅಪ್ಪನ ಹೆಸರು ಬಂದರೂ ಬಂತು.

ಹೊತ್ತಿದ್ದರೆ ಪೆಟಿ ಸೆಷನ್ಸ್ ಎಂಬ ಸಣ್ಣ ಕೋರ್ಟುಗಳ ಪುಸ್ತಕ, 1866ರಿಂದ ಶುರುವಾದ ನಾಯಿ ಲೈಸೆನ್ಸಿನ ಪಟ್ಟಿಯನ್ನೂ ನೋಡಿ, ಫೈಂಡ್‌ಮೈಪಾಸ್ಟ್‌ನಲ್ಲಿ ಇವೆ, ಅದಕ್ಕೆ ಹಣ ಕಟ್ಟಬೇಕು. ದನ ಹೊಲಕ್ಕೆ ನುಗ್ಗಿತು, ದಾರಿ ಮುಚ್ಚಿದರು ಎಂದು ಜಗಳವಾಡಿದವರಲ್ಲಿ ಒಂದೇ ಹೆಸರಿನವರು ಬಹಳ. ದಾಯಾದಿ ಕಲಹದ ವಾಸನೆ ನಮಗೆ ಬೇಗ ಗೊತ್ತಾಗುತ್ತದೆ, ಆದರೆ ಜಗಳ ಸಂಬಂಧಕ್ಕೆ ಪುರಾವೆ ಅಲ್ಲ.

ಊರಲ್ಲಿ ಸಿಗದ್ದು ಕಡಲಾಚೆ ಸಿಗಬಹುದು

ಐರ್ಲೆಂಡಿನ ಸಾವಿನ ದಾಖಲೆಯಲ್ಲಿ ಇಲ್ಲದ ಅಪ್ಪ ಅಮ್ಮನ ಹೆಸರು ಆಸ್ಟ್ರೇಲಿಯಾದ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ನ ದಾಖಲೆಗಳಲ್ಲಿ 1850ರ ದಶಕದಿಂದಲೇ ಇರುತ್ತದೆ, ಬರೆಸಿದವರಿಗೆ ಗೊತ್ತಿದ್ದರೆ. ಅಮೆರಿಕದ ಹಲವು ರಾಜ್ಯಗಳದರಲ್ಲೂ ಇದೆ. ಪ್ಯಾಟ್ರಿಕ್ ಊರಲ್ಲೇ ಉಳಿದ, ಅವನ ತಮ್ಮ ಮೆಲ್ಬರ್ನ್‌ಗೆ ಹೋದ ಅಂದರೆ ತಮ್ಮನ ದಾಖಲೆ ತರಿಸಿ. ಅಮೆರಿಕದ ಹಡಗು ಪಟ್ಟಿಗಳಲ್ಲಿ 1907ರ ನಂತರ ಊರಲ್ಲಿ ಬಿಟ್ಟುಬಂದ ಹತ್ತಿರದ ಸಂಬಂಧಿಯ ಹೆಸರನ್ನೂ ಕೇಳಿದ್ದಾರೆ. ಬಾಸ್ಟನ್ನಿನ ಪೈಲಟ್ ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ನೆಂಟರನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು, ಅದರಲ್ಲಿ ಟೌನ್‌ಲ್ಯಾಂಡ್ ಹೆಸರೂ ಕಾಣುತ್ತದೆ.

ಡಿಎನ್‌ಎ ಕೊನೆಗೆ

ಕಾಗದದ ಕೆಲಸ ಮುಗಿಸದೆ ಡಿಎನ್‌ಎ ಪರೀಕ್ಷೆಗೆ ಹಣ ಹಾಕಬೇಡಿ, ಫಲಿತಾಂಶ ಬಂದರೂ ಎಲ್ಲಿ ಜೋಡಿಸಬೇಕು ಗೊತ್ತಾಗುವುದಿಲ್ಲ. ಎರಡೂ ಮನೆಗಳಲ್ಲಿ ಬದುಕಿರುವ ಅತಿ ಹಿರಿಯರನ್ನು ಪರೀಕ್ಷಿಸಿ, ಒಪ್ಪಿಗೆ ಕೇಳಿ, ಅನಿರೀಕ್ಷಿತ ಸಂಗತಿ ಬರಬಹುದು ಎಂದು ಮೊದಲೇ ಹೇಳಿ. ಮುತ್ತಜ್ಜ ಮುತ್ತಜ್ಜಿ ಒಂದೇ ಆದವರು ಸರಾಸರಿ 230 ಸೆಂಟಿಮಾರ್ಗನ್ (ಡಿಎನ್‌ಎ ತುಂಡುಗಳನ್ನು ಅಳೆಯುವ ಮಾನ) ಸುತ್ತಮುತ್ತ ಹಂಚಿಕೊಳ್ಳುತ್ತಾರೆ, ಇನ್ನೊಂದು ತಲೆಮಾರು ಹಿಂದಕ್ಕೆ ಹೋದರೆ 73ರ ಸುಮಾರು. ಆ ಮಟ್ಟದಲ್ಲೇ ಹತ್ತರಲ್ಲಿ ಒಂದು ಜೋಡಿಗೆ ಏನೂ ಕಾಣದೆ ಹೋಗಬಹುದು, ಅದರಾಚೆಗೆ ಅರ್ಧಕ್ಕರ್ಧ. ಹಾಗಾಗಿ ಹೊಂದಾಣಿಕೆ ಇಲ್ಲ ಎಂದರೆ ಸಂಬಂಧ ಇಲ್ಲ ಎಂದಲ್ಲ. ತಲೆಮಾರುಗಟ್ಟಲೆ ಒಂದೇ ಕಣಿವೆಯಲ್ಲಿ ಕೊಟ್ಟು ತಂದ ಜನರಲ್ಲಿ ಹೊಂದಾಣಿಕೆ ಇದೆ ಎಂದರೂ ಅದು ರಯಾನ್ ಕಡೆಯಿಂದಲೇ ಬಂತು ಎಂದೂ ಅಲ್ಲ.

ಸರ್‌ನೇಮ್‌ನ ಪ್ರಶ್ನೆಗೆ ನೇರ ಉತ್ತರ ಕೊಡುವುದು ಗಂಡಿನಿಂದ ಗಂಡಿಗೆ ಹೋಗುವ ವೈ ಡಿಎನ್‌ಎ. ಎರಡೂ ಮನೆಯಿಂದ ಅದೇ ಸರ್‌ನೇಮ್‌ನ ಒಬ್ಬೊಬ್ಬ ಗಂಡಸು ಸಾಕು. ಹೊಂದಲೇ ಇಲ್ಲವೆಂದರೆ ಗಂಡು ಸಾಲಿನ ನಂಟು ಇಲ್ಲ, ಅಥವಾ ನಡುವೆ ಎಲ್ಲೋ ದತ್ತು, ಮದುವೆಯಾಚೆಯ ಮಗು ಇದೆ. ಹೊಂದಿದರೆ ಎಷ್ಟು ಹಿಂದೆ ಎಂಬ ಪ್ರಶ್ನೆ ಉಳಿಯುತ್ತದೆ. ವಾಯವ್ಯ ಐರ್ಲೆಂಡಿನಲ್ಲಿ ಎಂ222 ಎಂಬ ಗುರುತು ಎಷ್ಟು ಸಾಮಾನ್ಯ ಎಂದರೆ ಅಲ್ಲಿ ಮೇಲುಮೇಲಿನ ಅಗ್ಗದ ಪರೀಕ್ಷೆ ಯಾರಿಗೆ ಬೇಕಾದರೂ ಹೊಂದುತ್ತದೆ, ಆಳದ ಪರೀಕ್ಷೆಯೇ ಬೇಕು.

ಬರೆದಿಡುವ ರೀತಿ

ವೃಕ್ಷದಲ್ಲಿ ಗೆರೆ ಎಳೆಯುವ ಮೊದಲು ನಿಮ್ಮ ಊಹೆಯನ್ನು ಬೀಳಿಸಲು ನೋಡಿ. ಇಬ್ಬರೂ ಅಣ್ಣತಮ್ಮ ಎಂದಾದರೆ ಇಬ್ಬರ ಮದುವೆ ದಾಖಲೆಯಲ್ಲೂ ಅಪ್ಪನ ಹೆಸರು ಒಂದೇ ಇರಬೇಕು. ಇದೆಯಾ? ಇಬ್ಬರ ಹುಟ್ಟಿನ ನಡುವೆ ಏಳೇ ತಿಂಗಳ ಅಂತರ ಇಲ್ಲ ತಾನೆ? ಅಪ್ಪನ ಸಮಾಧಿ ಒಂದೇ ಕಡೆ ಇದೆಯಾ? ಯಾವುದಾದರೂ ಒಂದು ದಾಖಲೆ ನೇರವಾಗಿ ಸಂಬಂಧ ಹೇಳಿದ್ದರೆ 'ಖಚಿತ' ಎನ್ನಿ. ನೇರ ಮಾತಿಲ್ಲ, ಆದರೆ ಜಮೀನು, ಗಾಡ್‌ಪೇರೆಂಟ್, ಹೆಸರಿನ ಕ್ರಮ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದರೆ 'ಸಂಭವ'. ಒಂದೇ ಊರು, ಒಂದೇ ಹೆಸರು ಮಾತ್ರ ಎಂದರೆ 'ಊಹೆ', ಅದು ಟಿಪ್ಪಣಿಯಲ್ಲಿರಲಿ, ಸಾರ್ವಜನಿಕ ವೃಕ್ಷಕ್ಕೆ ಬೇಡ.

ಬೆಂಗಳೂರಿನಿಂದ ಹುಡುಕುವವರಿಗೆ

ಇವರ ಕಷ್ಟ ಬೇರೆ. ಮನೆಯಲ್ಲಿ 'ಮುತ್ತಜ್ಜ ಐರಿಶ್ ಸೋಲ್ಜರ್' ಎನ್ನುವುದು ಗೊತ್ತು, ಕೌಂಟಿಯೇ ಗೊತ್ತಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಯೂರೋಪಿಯನ್ ಪಡೆಗಳಲ್ಲಿ ಐರಿಶ್ ಜನ ಬಹಳ ಇದ್ದರು. ಮದ್ರಾಸ್ ಫ್ಯುಸಿಲಿಯರ್ಸ್ ಪಡೆಯೇ 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಭಾಗವಾಯಿತು. ಬೆಂಗಳೂರು ದಂಡಿನ ಚರ್ಚುಗಳ ಜ್ಞಾನಸ್ನಾನ, ಮದುವೆ, ಸಮಾಧಿಯ ವಿವರಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಎನ್/2 ಸಾಲಿನಲ್ಲಿವೆ. ಬ್ರಿಟಿಷ್ ಭಾರತದ ಕುಟುಂಬಗಳ ಇತಿಹಾಸ ಹುಡುಕುವ ಫಿಬಿಸ್ ಎಂಬ ಸಂಘದ ತಾಣದಲ್ಲಿ ಉಚಿತ ಸೂಚಿ ಇದೆ, ಅಲ್ಲಿಂದ ಶುರು ಮಾಡಿ. ಮದುವೆಯ ದಾಖಲೆಯಲ್ಲಿ ರೆಜಿಮೆಂಟ್ ಸಿಕ್ಕರೆ, ಅವನು ಬ್ರಿಟಿಷ್ ಸೈನ್ಯದವನಾದರೆ, ಪಿಂಚಣಿಗೆ ಬಿಡುಗಡೆಯಾದ ಕಾಗದ ಹುಡುಕಿ. ಅದರಲ್ಲಿ ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ, ಕೌಂಟಿ ಬರೆದಿರುತ್ತದೆ. ಆ ಪ್ಯಾರಿಷ್‌ನಲ್ಲಿ ಅದೇ ಸರ್‌ನೇಮ್‌ನ ಮನೆ ಎಷ್ಟಿದ್ದವು ಎಂದು ಗ್ರಿಫಿತ್ ಪಟ್ಟಿಯಲ್ಲಿ ಎಣಿಸಿ. ಒಂದೆರಡೇ ಇದ್ದರೆ ಅದೃಷ್ಟ. ಮೂವತ್ತಿದ್ದರೆ ಸೈನಿಕನ ಮಕ್ಕಳ ಹೆಸರು, ಅವನ ಮದುವೆಯ ಸಾಕ್ಷಿಗಳು, ಅವನು ಸತ್ತಾಗ ಹಣ ಪಡೆದ ಸಂಬಂಧಿಯ ಹೆಸರು, ಇವನ್ನೆಲ್ಲ ಮೊದಲು ಗುಡ್ಡೆ ಹಾಕಿಕೊಂಡು ಆಮೇಲೆ ಆ ಮೂವತ್ತು ಮನೆಗಳ ಕಡೆ ತಿರುಗಿ.